ದೊಡ್ಡ ಮನಸ್ಸು ಯಾರು ಮಾಡಬೇಕು?

"ಹೋಗಲಿ ಬಿಡಿ, ದೊಡ್ಡ ಮನಸ್ಸು ಮಾಡಿ" ಎಂಬ ಮಾತು ನಮ್ಮ ಕಡೆ ಬಹಳ ಅಗ್ಗವಾಗಿ ಸಿಕ್ಕುತ್ತದೆ. ಅಣ್ಣತಮ್ಮಂದಿರ ಹಿಸ್ಸೆಯ ಜಗಳವಾಗಲಿ, ಕೂಲಿಯವನ ಬಾಕಿಯ ತಕರಾರಾಗಲಿ, ಗಂಡ ಕೈಮಾಡಿದನೆಂದು ಹೆಣ್ಣುಮಗಳು ತವರಿಗೆ ಬಂದು ಕೂತಿರಲಿ, ನಾಲ್ಕು ಜನ ಹಿರಿಯರು ಕಲೆತರೆಂದರೆ ಕೊನೆಗೆ ಹೊರಬೀಳುವ ತೀರ್ಪು ಇದೇ. ಮಾತು ಒಳ್ಳೆಯದೇ; ಆದರೆ ಅದು ಯಾರ ಕಡೆಗೆ ಮುಖ ಮಾಡಿದೆ ಎಂಬುದನ್ನು ಸ್ವಲ್ಪ ಗಮನಿಸಬೇಕು. ಕೆಲಸವೊಂದು ಆಗಬೇಕಾದಾಗ ಇದೇ ಮಾತನ್ನು ದೊಡ್ಡವರ ಮುಂದೆ ಕೈಜೋಡಿಸಿ ಬೇಡಿಕೆಯಾಗಿ ಹೇಳುತ್ತೇವೆ. ನ್ಯಾಯ ಹೇಳುವ ಹೊತ್ತಿಗೆ ಅದನ್ನೇ ಚಿಕ್ಕವರಿಗೆ ಅಪ್ಪಣೆಯಾಗಿ ಹೇಳುತ್ತೇವೆ. ಹೊಡೆದ ಗಂಡನಿಗಲ್ಲ, ಹೊಡೆಸಿಕೊಂಡ ಹೆಂಡತಿಗೆ. ಹಿಸ್ಸೆ ನುಂಗಿದ ಅಣ್ಣನಿಗಲ್ಲ, ಬರಿಗೈಯಾದ ತಮ್ಮನಿಗೆ. ಮನಸ್ಸು ದೊಡ್ಡದಾಗಬೇಕಾದ್ದು ಯಾವಾಗಲೂ ಪೆಟ್ಟು ತಿಂದವರದ್ದೇ!

ಈ ಸವಕಲು ನಾಣ್ಯಕ್ಕೆ ಕ್ರೈಸ್ತ ಮುದ್ರೆಯನ್ನೊತ್ತಿ ಚಲಾವಣೆಗೆ ಬಿಟ್ಟಿರುವುದನ್ನು ಕುರಿತು ನಾಲ್ಕು ಮಾತು ಬರೆಯಬೇಕಾಗಿದೆ. ಸಾಧುತನ, ಕ್ಷಮೆ ಇವೆರಡೂ ಕ್ರೈಸ್ತ ಜೀವನದ ಮುಖ್ಯ ಗುಣಗಳೆಂದು ಎಲ್ಲರೂ ಬಲ್ಲರು. ಕ್ರೈಸ್ತನಾದವನಿಗೆ ಅನ್ಯಾಯವಾದಾಗ, "ನಿಮ್ಮ ಯೇಸುಸ್ವಾಮಿಯೇ ಇನ್ನೊಂದು ಕೆನ್ನೆಯನ್ನು ತೋರಿಸಲು ಹೇಳಿಲ್ಲವೇ?" ಎಂದು ಕೇಳಿ ಅವನ ಬಾಯಿ ಮುಚ್ಚಿಸುವುದೂ ಎಲ್ಲರಿಗೂ ಬರುತ್ತದೆ. ಕೇಳುವವರಲ್ಲಿ ಕ್ರೈಸ್ತರಲ್ಲದ ನೆರೆಹೊರೆಯವರೂ ಇದ್ದಾರೆ, ಕ್ರೈಸ್ತ ಗುರುಹಿರಿಯರೂ ಇದ್ದಾರೆ. ನಾನು ಕ್ರೈಸ್ತ ಧರ್ಮಶಾಸ್ತ್ರದಲ್ಲಿ ಪಂಡಿತನಲ್ಲ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಆದರೆ ಎರಡು ಒಳ್ಳೆಯ ಪದಗಳ ಅರ್ಥ ಕಣ್ಣೆದುರಿಗೇ ಕೆಡುತ್ತಿರುವಾಗ ಭಾಷೆಯ ಮೇಷ್ಟರು ಸುಮ್ಮನಿರುವುದು ತರವಲ್ಲ.

ಈ ಪತ್ರಿಕೆಯ ವಾಚಕರಲ್ಲಿ ಬಹುಮಂದಿ ಕ್ರೈಸ್ತರಲ್ಲ. ತಮಗೇಕೆ ಈ ವಿಚಾರ ಎಂದು ಅವರು ಪುಟ ಮಗುಚಬಾರದು. ದಾವಣಗೆರೆಯಿಂದ ಹರಿಹರಕ್ಕೆ ಹದಿನಾಲ್ಕು ಕಿಲೋಮೀಟರಿನ ದಾರಿ. ಸೆಪ್ಟೆಂಬರ್ ೮ರಂದು ಅಲ್ಲಿ ಆರೋಗ್ಯಮಾತೆಯ ಹಬ್ಬವಾದಾಗ ಮೇಣದಬತ್ತಿ ಹಿಡಿದು ಸಾಲಿನಲ್ಲಿ ನಿಲ್ಲುವವರಲ್ಲಿ ಕುಂಕುಮವಿಟ್ಟವರೂ ವಿಭೂತಿ ಧರಿಸಿದವರೂ ಬೇಕಾದಷ್ಟು ಮಂದಿ. ಹರಿಹರೇಶ್ವರನ ಗುಡಿಯಲ್ಲಿ ಹರನನ್ನೂ ಹರಿಯನ್ನೂ ಒಂದೇ ಶಿಲೆಯಲ್ಲಿ ಕಂಡು ಕೈಮುಗಿದ ಜನಕ್ಕೆ ಇದೇನೂ ಕಷ್ಟದ ಸಂಗತಿಯಲ್ಲ. ನಮ್ಮ ಕೆ.ಬಿ. ಬಡಾವಣೆಯಂಥ ಬೀದಿಗಳ ಮನೆಗಳಲ್ಲಿ ಕ್ರೈಸ್ತರನ್ನು ಕುರಿತು ಕೆಟ್ಟ ಮಾತು ಕೇಳುವುದು ಅಪರೂಪ. "ಪಾಪ, ಬಹಳ ಸಾಧುಗಳು" ಎನ್ನುತ್ತಾರೆ. ಕಾನ್ವೆಂಟಿನ ಸಿಸ್ಟರು, ಆಸ್ಪತ್ರೆಯ ನರ್ಸಮ್ಮ, ಮೆಲುದನಿಯ ಮೇಷ್ಟರು, ಇವರೇ ನಮಗೆ ಪರಿಚಯವಾದ ಕ್ರೈಸ್ತರು. ಆದರೆ ಆ 'ಪಾಪ' ಎಂಬ ಉದ್ಗಾರದಲ್ಲಿ ಒಂದು ಷರತ್ತು ಅಡಗಿದೆ. ಅದೇ ಸಿಸ್ಟರು ಒಂದು ದಿನ ತನ್ನ ಹಕ್ಕನ್ನು ಕುರಿತು ಸ್ವಲ್ಪ ಗಟ್ಟಿಯಾಗಿ ಮಾತಾಡಲಿ, ಕೂಡಲೇ "ಇವರೂ ಬಾಲ ಬಿಚ್ಚಿದರು" ಎನ್ನುತ್ತೇವೆ. ನಾವು ಮೆಚ್ಚಿದ್ದು ಆಕೆಯ ಸಾಧುತನವನ್ನಲ್ಲ, ನಮಗೆ ಅದರಿಂದ ಆಗುತ್ತಿದ್ದ ಅನುಕೂಲವನ್ನು.

ಮೊದಲು 'ಸಾಧು' ಎಂಬ ಪದವನ್ನೇ ತೆಗೆದುಕೊಳ್ಳೋಣ. ಸಂಸ್ಕೃತದಲ್ಲಿ ಅದಕ್ಕೆ ನೇರವಾದದ್ದು, ಗುರಿಮುಟ್ಟುವಂಥದು, ಶ್ರೇಷ್ಠವಾದದ್ದು ಎಂದೆಲ್ಲ ಅರ್ಥವುಂಟು. ಸಭೆಯಲ್ಲಿ ಒಳ್ಳೆಯ ಮಾತು ಬಂದಾಗ "ಸಾಧು, ಸಾಧು" ಎಂದು ತಲೆದೂಗುತ್ತಿದ್ದರು. ಕನ್ನಡದ ಬೀದಿಗೆ ಇಳಿದ ಮೇಲೆ ಅದರ ಗತಿ ಏನಾಯಿತು? ಒದೆಯದ ಹಸು ಸಾಧು. ಎದುರು ಮಾತಾಡದ ಸೊಸೆ ಸಾಧು. ಸಂಬಳ ಹೆಚ್ಚಿಸೆಂದು ಕೇಳದ ಗುಮಾಸ್ತ ಸಾಧು. ಹೀಗೆ ಕೈಲಾಗದವನಿಗೂ ಸಾಧುವಿಗೂ ಭೇದವೇ ಉಳಿಯಲಿಲ್ಲ.

ಯೇಸುಕ್ರಿಸ್ತನು ಪರ್ವತ ಪ್ರಸಂಗದಲ್ಲಿ ಧನ್ಯರೆಂದು ಕರೆದದ್ದು ಇಂಥ ಸಾಧುಗಳನ್ನಲ್ಲ. ಆ ಜಾಗದಲ್ಲಿ ಬರುವ ಗ್ರೀಕ್ ಪದವನ್ನು ಪಳಗಿದ ಕುದುರೆಗೂ ಬಳಸುತ್ತಿದ್ದರು. ಪಳಗಿದ ಕುದುರೆ ಬಡಕಲು ಕುದುರೆಯಲ್ಲ. ಅದರ ಮಾಂಸಖಂಡದ ಕಸುವೆಲ್ಲ ಹಾಗೆಯೇ ಇದೆ, ಲಗಾಮಿನ ಅಂಕೆಯಲ್ಲಿದೆ, ಅಷ್ಟೆ. ಹಳೆಯ ಒಡಂಬಡಿಕೆ ಲೋಕದಲ್ಲೆಲ್ಲ ಅತ್ಯಂತ ಸಾಧುವೆಂದು ಹೆಸರಿಸುವುದು ಯಾರನ್ನು? ಮೋಶೆಯನ್ನು! ಈಜಿಪ್ಟಿನ ಫರೋಹನ ಒಡ್ಡೋಲಗಕ್ಕೆ ಹೋಗಿ, ತನ್ನ ಜನರನ್ನು ಬಿಟ್ಟುಕೊಡೆಂದು ಮತ್ತೆ ಮತ್ತೆ ಎದುರು ನಿಂತು ಕೇಳಿದವನನ್ನು. ತನ್ನನ್ನು ತಾನು ಸಾಧುವೆಂದು ಹೇಳಿಕೊಂಡ ಯೇಸುವೇ ಯೆರೂಸಲೇಮಿನ ದೇವಾಲಯದಲ್ಲಿ ಹಣ ಬದಲಾಯಿಸುವವರ ಮೇಜುಗಳನ್ನು ಉರುಳಿಸಿದನು.

ಇನ್ನು ಕೆನ್ನೆಯ ಮಾತು. ಇನ್ನೊಂದು ಕೆನ್ನೆಯನ್ನು ತೋರಿಸಬೇಕೆಂದು ಯೇಸು ಬೋಧಿಸಿದ್ದು ನಿಜ. ಆದರೆ ಅವನ ಕೆನ್ನೆಗೇ ಪೆಟ್ಟು ಬಿದ್ದಾಗ ಅವನು ಮಾಡಿದ್ದೇನೆಂಬುದನ್ನು ಯೋಹಾನನ ಸುವಾರ್ತೆ ಹೇಳುತ್ತದೆ. ಮಹಾಯಾಜಕನ ವಿಚಾರಣೆಯ ಮುಂದೆ ಒಬ್ಬ ಕಾವಲುಗಾರ ಅವನಿಗೆ ಹೊಡೆದ. ಯೇಸು ತಿರುಗಿ ಹೊಡೆಯಲಿಲ್ಲ. ಬಾಯಿ ಮುಚ್ಚಿಕೊಂಡೂ ಇರಲಿಲ್ಲ. ನಾನು ಆಡಿದ್ದು ತಪ್ಪಾಗಿದ್ದರೆ ಅದನ್ನು ರುಜುವಾತುಪಡಿಸು, ಸರಿಯಾಗಿದ್ದರೆ ಹೊಡೆದದ್ದೇಕೆಂದು ಕೇಳಿದನು. ಸಾಧುತನದ ಪೂರ್ಣಚಿತ್ರ ಇದು. ಕೈ ಎತ್ತಕೂಡದು, ಪ್ರಶ್ನೆಯನ್ನು ಬಿಡಕೂಡದು. ಇವೆರಡರಲ್ಲಿ ಮೊದಲನೆಯದನ್ನು ಮಾತ್ರ ಹರಿದಿಟ್ಟುಕೊಂಡು ಎರಡನೆಯದನ್ನು ಎಸೆದವರು ಕ್ರೈಸ್ತಧರ್ಮವನ್ನು ಬೋಧಿಸುತ್ತಿಲ್ಲ; ತಮ್ಮ ನೆಮ್ಮದಿಯನ್ನು ಬೋಧಿಸುತ್ತಿದ್ದಾರೆ.

ಫಿಲಿಪ್ಪಿಯೆಂಬ ಊರಿನಲ್ಲಿ ನಡೆದ ಪ್ರಸಂಗವೂ ಇಲ್ಲಿ ನೆನೆಯತಕ್ಕದ್ದು. ಅಲ್ಲಿನ ಅಧಿಕಾರಿಗಳು ಪೌಲನನ್ನೂ ಸೀಲನನ್ನೂ ವಿಚಾರಣೆಯಿಲ್ಲದೆ ಹೊಡೆಸಿ ಸೆರೆಗೆ ತಳ್ಳಿದರು. ಬೆಳಗಾದ ಮೇಲೆ ಗುಟ್ಟಾಗಿ ಹೊರಟುಹೋಗಲಿ ಎಂದು ಹೇಳಿಕಳುಹಿಸಿದರು. ಪೌಲ ಒಪ್ಪಲಿಲ್ಲ. ತಾವು ರೋಮನ್ ಪೌರರು; ಬಹಿರಂಗವಾಗಿ ಹೊಡೆಸಿದವರು ಗುಟ್ಟಾಗಿ ಕಳುಹಿಸುವುದು ಸಲ್ಲದು, ಅವರೇ ಬಂದು ಕರೆದೊಯ್ಯಲಿ ಎಂದು ಕೂತನು. ಅವರು ಬಂದು ಬೇಡಿಕೊಳ್ಳಬೇಕಾಯಿತು. ಪ್ರೀತಿಯನ್ನು ಕುರಿತು ಅಷ್ಟೊಂದು ಬರೆದ ಪೌಲನಿಗೆ ದೊಡ್ಡ ಮನಸ್ಸು ಇರಲಿಲ್ಲವೆಂದು ಯಾರಾದರೂ ಹೇಳಿಯಾರೆ?

ಈ ತತ್ತ್ವ ಕನ್ನಡಿಗರಿಗೆ ಪರಕೀಯವೂ ಅಲ್ಲ. ಹತ್ತನೆಯ ಶತಮಾನದಲ್ಲಿ ಪಂಪನು 'ಆದಿಪುರಾಣ'ದಲ್ಲಿ ಹೇಳಿದ ಬಾಹುಬಲಿಯ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಮೂರು ಯುದ್ಧಗಳಲ್ಲಿ ಅಣ್ಣನಾದ ಭರತನನ್ನು ಗೆದ್ದು, ಗೆದ್ದ ರಾಜ್ಯವನ್ನು ಅವನಿಗೇ ಬಿಟ್ಟು ತಪಸ್ಸಿಗೆ ಹೊರಟವನು ಬಾಹುಬಲಿ. ಶ್ರವಣಬೆಳಗೊಳದಲ್ಲಿ ಐವತ್ತೆಂಟು ಅಡಿ ಎತ್ತರಕ್ಕೆ ನಿಲ್ಲಿಸಿರುವುದು ಸೋತವನನ್ನಲ್ಲ, ಗೆದ್ದವನನ್ನು. ಹೊಡೆಯಬಲ್ಲ ತೋಳು ತಾನಾಗಿ ಇಳಿದದ್ದೇ ಅಲ್ಲಿನ ಮಹಿಮೆ. ಭರತನ ಕೈಯಲ್ಲಿ ಪೆಟ್ಟು ತಿಂದು ಮೂಲೆಗೆ ಬಿದ್ದವನೊಬ್ಬನಿಗೆ "ನೀನೂ ಗೊಮ್ಮಟನ ಹಾಗಿರಬೇಕಪ್ಪ" ಎಂದು ಉಪದೇಶಿಸಿದ್ದರೆ ಅದು ಧರ್ಮಬೋಧೆಯಾಗುತ್ತಿರಲಿಲ್ಲ, ಕುಚೋದ್ಯವಾಗುತ್ತಿತ್ತು.

ಸಾಧುತನದ ಮಾತು ಇಷ್ಟಾಯಿತು. ಕ್ಷಮೆಯ ವಿಷಯದಲ್ಲಿ ಇನ್ನೂ ದೊಡ್ಡ ಗೊಂದಲವಿದೆ. ಸುವಾರ್ತೆಗಳಲ್ಲಿ ಕ್ಷಮೆಗೆ ಬಳಕೆಯಾದ ಗ್ರೀಕ್ ಮಾತಿಗೆ ಬಿಟ್ಟುಬಿಡು, ಸಾಲವನ್ನು ಮನ್ನಾ ಮಾಡು ಎಂಬ ಅರ್ಥಗಳಿವೆ. ಯೇಸು ಈ ವಿಚಾರವನ್ನು ಹೇಳುವಾಗ ಸಾಲದ ದೃಷ್ಟಾಂತವನ್ನೇ ಮತ್ತೆ ಮತ್ತೆ ತರುತ್ತಾನೆ. ದಾವಣಗೆರೆಯ ಮಂಡಿಪೇಟೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಾಲವನ್ನು ಮನ್ನಾ ಮಾಡಬೇಕಾದರೆ ಮೊದಲು ಖಾತೆಯಲ್ಲಿ ಅದು ಬರೆದಿರಬೇಕು. ಎಷ್ಟು, ಯಾರಿಂದ, ಯಾರಿಗೆ ಎಂಬುದು ಇತ್ಯರ್ಥವಾಗಿರಬೇಕು. ಆಮೇಲೆ ಸಾಲ ಕೊಟ್ಟ ಧಣಿ ಅದರ ಮೇಲೆ ಗೀಟು ಎಳೆಯಬಹುದು. ಖಾತೆಯ ಹಾಳೆಯನ್ನೇ ಹರಿದು ಬಾಯಿಗೆ ಹಾಕಿಕೊಂಡು "ಸಾಲವೇ ಇರಲಿಲ್ಲ" ಎನ್ನುವುದು ಮನ್ನಾ ಅಲ್ಲ, ಮೋಸ. ನಾವು ಸಾಮಾನ್ಯವಾಗಿ ಕ್ಷಮೆಯೆಂದು ಕರೆಯುವುದು ಈ ಹಾಳೆ ಹರಿಯುವ ಕೆಲಸವನ್ನು.

ಮತ್ತಾಯನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯವನ್ನು ತೆರೆದು ನೋಡಬಹುದು. ಕ್ಷಮೆಗೆ ಲೆಕ್ಕ ಇಡಬಾರದೆಂಬ ಪ್ರಸಿದ್ಧವಾದ ಮಾತು ಅಲ್ಲಿಯೇ ಇದೆ. ಪ್ರಸಂಗಗಳಲ್ಲಿ ಎಲ್ಲರೂ ಅದನ್ನೇ ಎತ್ತಿಕೊಳ್ಳುತ್ತಾರೆ. ಅದರ ಹಿಂದಿನ ಕೆಲವು ವಾಕ್ಯಗಳು ಅಷ್ಟಾಗಿ ಕಿವಿಗೆ ಬೀಳುವುದಿಲ್ಲ. ನಿನ್ನ ಸಹೋದರ ತಪ್ಪು ಮಾಡಿದರೆ ಮೊದಲು ಅವನೊಬ್ಬನಿಗೇ ತಿಳಿಯಹೇಳು. ಕೇಳದಿದ್ದರೆ ಒಬ್ಬಿಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು ಎಂಬ ಕ್ರಮ ಅಲ್ಲಿದೆ. ಸಾಕ್ಷಿ, ಸಭೆ, ವಿಚಾರಣೆ ಇವೆಲ್ಲ ಕ್ಷಮೆಯ ಶತ್ರುಗಳಾಗಿದ್ದರೆ ಕ್ಷಮೆಯ ಅಧ್ಯಾಯದಲ್ಲೇ ಅವಕ್ಕೆ ಜಾಗ ಸಿಕ್ಕುತ್ತಿರಲಿಲ್ಲ.

ಇನ್ನೊಂದು ಪ್ರಶ್ನೆ: ಮನ್ನಾ ಮಾಡುವ ಅಧಿಕಾರ ಯಾರದು? ಸಾಲ ಕೊಟ್ಟವನದು. ಪಕ್ಕದ ಅಂಗಡಿಯವನು ಬಂದು "ನಿಮ್ಮ ಬಾಕಿಯನ್ನು ನಾನು ಬಿಟ್ಟಿದ್ದೇನೆ" ಎಂದರೆ ನಗುತ್ತೇವೆ. ಆದರೆ ನೋವಿನ ವಿಷಯದಲ್ಲಿ ಪಕ್ಕದ ಅಂಗಡಿಯವರೇ ದಿನವೂ ಮನ್ನಾ ಮಾಡುತ್ತಿರುತ್ತಾರೆ. ಮಹಾಭಾರತದ ವನಪರ್ವದಲ್ಲಿ ದ್ರೌಪದಿಗೂ ಧರ್ಮರಾಯನಿಗೂ ಕ್ಷಮೆಯ ವಿಷಯದಲ್ಲಿ ದೀರ್ಘ ಸಂವಾದ ನಡೆಯುತ್ತದೆ. ಸದಾ ಕ್ಷಮೆಯೂ ಒಳ್ಳೆಯದಲ್ಲ, ಸದಾ ಕ್ರೋಧವೂ ಒಳ್ಳೆಯದಲ್ಲವೆಂದು ಪ್ರಹ್ಲಾದ ತನ್ನ ಮೊಮ್ಮಗ ಬಲಿಗೆ ಹೇಳಿದ್ದನ್ನು ದ್ರೌಪದಿ ನೆನಪಿಸುತ್ತಾಳೆ. ಧರ್ಮರಾಯ ಕ್ಷಮೆಯ ಹಿರಿಮೆಯನ್ನು ವಿವರಿಸುತ್ತಾನೆ. ವಾದ ಯಾರದು ಸರಿ ಎಂಬುದನ್ನು ಪಂಡಿತರು ನಿರ್ಣಯಿಸಲಿ. ನನಗೆ ಕಾಣುವುದು ಇಷ್ಟೇ: ಸಭೆಯಲ್ಲಿ ಮುಡಿ ಹಿಡಿದು ಎಳೆಸಿಕೊಂಡವಳು ಒಬ್ಬಳು, ಕ್ಷಮೆಯನ್ನು ಬೋಧಿಸಿದವನು ಆಕೆಯನ್ನು ಪಣಕ್ಕಿಟ್ಟವನು.

ಕ್ರೈಸ್ತ ಮನೆಗಳೊಳಗೆ ಈ ದ್ರೌಪದಿಯ ಪಾಡು ಬಹುಕಾಲ ಕಾಯಿದೆಯ ರೂಪದಲ್ಲೇ ಇತ್ತು. ೧೮೬೯ರ ಭಾರತೀಯ ವಿಚ್ಛೇದನ ಕಾಯಿದೆಯ ಪ್ರಕಾರ ಹೆಂಡತಿಯ ಜಾರತ್ವವೊಂದನ್ನು ಸಾಬೀತು ಮಾಡಿದರೆ ಕ್ರೈಸ್ತ ಗಂಡನಿಗೆ ವಿಚ್ಛೇದನ ಸಿಕ್ಕುತ್ತಿತ್ತು. ಹೆಂಡತಿಗೆ ಅಷ್ಟು ಸಾಲದು. ಗಂಡ ಎಷ್ಟು ಹೊಡೆದರೂ ಕೇವಲ ಹೊಡೆದನೆಂಬ ಕಾರಣಕ್ಕೆ ಆಕೆ ಬಿಡುಗಡೆ ಕೇಳುವಂತಿರಲಿಲ್ಲ. ಕ್ರೌರ್ಯದ ಜೊತೆಗೆ ಅವನ ಜಾರತ್ವವನ್ನೂ ಸಾಬೀತುಪಡಿಸಬೇಕಾಗಿತ್ತು. ೧೯೯೫ರಲ್ಲಿ ಕೇರಳದ ಹೈಕೋರ್ಟು ಈ ತಾರತಮ್ಯವನ್ನು ಖಂಡಿಸಿತು. ಕೊನೆಗೆ ೨೦೦೧ರಲ್ಲಿ ಪಾರ್ಲಿಮೆಂಟು ಕಾಯಿದೆಯನ್ನು ತಿದ್ದಿ ಗಂಡಹೆಂಡಿರನ್ನು ಸಮನಾಗಿ ಕಂಡಿತು. ನೂರಮೂವತ್ತೆರಡು ವರ್ಷ! ಅಷ್ಟು ಕಾಲ ಪೆಟ್ಟು ತಿಂದ ಹೆಣ್ಣುಮಗಳಿಗೆ ಕೋರ್ಟಿನ ಬಾಗಿಲು ಅರ್ಧ ಮುಚ್ಚಿತ್ತು; "ಕ್ಷಮಿಸಮ್ಮ, ಶಿಲುಬೆಯನ್ನು ಹೊತ್ತುಕೋ" ಎಂಬ ಉಪದೇಶದ ಬಾಗಿಲು ಮಾತ್ರ ಪೂರ್ತಿ ತೆರೆದಿತ್ತು.

ಇದು ಕ್ರೈಸ್ತರೊಬ್ಬರ ಪಾಪವೆಂದು ಉಳಿದವರು ಹಿಗ್ಗಬೇಕಾಗಿಲ್ಲ. 'ಕ್ಷಮಾ' ಎಂದರೆ ಭೂಮಿಯೆಂದೂ ಅರ್ಥವಿದೆಯೆಂದು ಹೇಳಿ, ಹೆಣ್ಣು ಭೂಮಿತಾಯಿಯ ಹಾಗೆ ಎಲ್ಲವನ್ನೂ ಸಹಿಸಬೇಕೆಂದು ನಮ್ಮ ಮನೆಗಳಲ್ಲೂ ಪಾಠ ನಡೆದೇ ಇದೆ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಸಾಧುಗಳು ಭೂಮಿಗೆ ಹಕ್ಕುದಾರರಾಗುವರೆಂದು ಯೇಸು ವಚನವಿತ್ತನು. ಕಾಲಡಿಯ ನೆಲವಾಗುವರೆಂದು ಹೇಳಲಿಲ್ಲ.

ಧರ್ಮಸಂಸ್ಥೆಗಳೂ ಈ ಪಾಠವನ್ನು ತಡವಾಗಿ ಕಲಿತಿವೆ. ಪಾದ್ರಿಯಿಂದಲೋ ಮೇಲಧಿಕಾರಿಯಿಂದಲೋ ಅನ್ಯಾಯವಾದಾಗ, ಸಭೆಗೆ ಕೆಟ್ಟ ಹೆಸರು ಬಂದೀತು, ಕ್ಷಮಿಸಿ ಮರೆತುಬಿಡಿ ಎಂದು ಸಂತ್ರಸ್ತರ ಬಾಯಿಕಟ್ಟುವ ಪದ್ಧತಿ ಲೋಕದ ಅನೇಕ ದೇಶಗಳಲ್ಲಿ ಬಯಲಾಯಿತು. ೨೦೧೯ರಲ್ಲಿ ಪೋಪ್ ಫ್ರಾನ್ಸಿಸ್ ಅವರು, ಲೈಂಗಿಕ ದೌರ್ಜನ್ಯದ ಸಂಗತಿ ತಿಳಿದ ಪಾದ್ರಿಗಳೂ ಕನ್ಯಾಸ್ತ್ರೀಯರೂ ಅದನ್ನು ಸಭೆಯ ಅಧಿಕಾರಿಗಳಿಗೆ ತಿಳಿಸಲೇಬೇಕೆಂದು ಕಟ್ಟಳೆ ಹೊರಡಿಸಿದರು. ಕ್ಷಮೆಯನ್ನು ಎರಡು ಸಾವಿರ ವರ್ಷ ಬೋಧಿಸಿದ ಸಭೆಗೆ ಇಂಥ ಕಟ್ಟಳೆ ಬೇಕಾಯಿತೆಂದರೆ ಕ್ಷಮೆಯ ಹೆಸರಿನಲ್ಲಿ ಎಷ್ಟು ಹಾಳೆಗಳು ಹರಿದುಹೋಗಿದ್ದುವೆಂದು ಊಹಿಸಬಹುದು.

ಈಗ ನಮ್ಮ ರಾಜ್ಯದ್ದೇ ಉದಾಹರಣೆ. ೨೦೦೮ರ ಸೆಪ್ಟೆಂಬರ್ ೧೪ ಭಾನುವಾರ. ಮಂಗಳೂರಿನ ಮಿಲಾಗ್ರಿಸ್ ಬಳಿ ಲೋಕದ ಗದ್ದಲದಿಂದ ದೂರವಾಗಿ ಪ್ರಾರ್ಥನೆಯಲ್ಲಿ ಬಾಳುವ ಸಂನ್ಯಾಸಿನಿಯರ ಮಠವೊಂದಕ್ಕೆ ಗುಂಪು ನುಗ್ಗಿ ಶಿಲುಬೆಯನ್ನು ಒಡೆಯಿತು, ಪರಮಪ್ರಸಾದವನ್ನು ಅಪವಿತ್ರಗೊಳಿಸಿತು. ಅದೇ ದಿನಗಳಲ್ಲಿ ಉಡುಪಿ, ಚಿಕ್ಕಮಗಳೂರು ಮುಂತಾದ ಕಡೆಗಳಲ್ಲೂ ಪ್ರಾರ್ಥನಾಲಯಗಳ ಮೇಲೆ ದಾಳಿಗಳಾದುವು. ಪ್ರತಿಭಟನೆಗೆ ಕೂಡಿದ ಕ್ರೈಸ್ತರ ಮೇಲೆ ಪೋಲೀಸರ ಲಾಠಿ ಬೀಸಿತು. ಕೆಲವೆಡೆ ಕಲ್ಲುಗಳೂ ತೂರಿಬಂದುವು. ಕಲ್ಲು ಯಾರ ಕೈಯಿಂದ ಬಂದರೂ ಅದು ಸಾಧುತನವಲ್ಲ, ಅದನ್ನು ಸಮರ್ಥಿಸಬೇಕಾಗಿಯೂ ಇಲ್ಲ. ಸರ್ಕಾರ ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಅವರ ಆಯೋಗವನ್ನು ನೇಮಿಸಿತು. ೨೦೧೧ರ ಜನವರಿಯಲ್ಲಿ ಬಂದ ಅದರ ಅಂತಿಮ ವರದಿಯನ್ನು ಕ್ರೈಸ್ತ ಮುಖಂಡರು ಒಪ್ಪಲಿಲ್ಲ. ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಮೈಕೆಲ್ ಸಲ್ಡಾನ್ಹಾ ಅವರು ಸ್ವತಂತ್ರವಾಗಿ ವಿಚಾರಣೆ ನಡೆಸಿ ಬೇರೆಯೇ ತೀರ್ಮಾನಕ್ಕೆ ಬಂದರು.

ಆಯೋಗದ ಸರಿತಪ್ಪುಗಳನ್ನು ತೂಗುವುದು ಈ ಲೇಖನದ ಉದ್ದೇಶವಲ್ಲ. ನನ್ನ ತಕರಾರು ಇರುವುದು ಆಮೇಲೆ ಸಭ್ಯರ ಬಾಯಲ್ಲಿ ಬಂದ ಮಾತಿನ ಮೇಲೆ. "ಆದದ್ದು ಆಯಿತು, ಅವರು ಶಾಂತಿಪ್ರಿಯರು, ಮರೆಯುತ್ತಾರೆ, ಮತ್ತೆ ಕೆದಕುವುದೇಕೆ?" ಎಂದರು. ಮಠದ ಗೋಡೆಯೊಳಗಿನ ಸಂನ್ಯಾಸಿನಿ ತನ್ನ ಪ್ರಾರ್ಥನೆಯಲ್ಲಿ ದಾಳಿಕೋರರನ್ನು ಕ್ಷಮಿಸಿರಬಹುದು. ಅದು ಆಕೆಗೂ ಆಕೆಯ ದೇವರಿಗೂ ಸೇರಿದ್ದು. ಆ ಕ್ಷಮೆಯನ್ನು ಎರವಲು ತಂದು ಪೋಲೀಸು ಠಾಣೆಯ ದಸ್ತಾವೇಜಿನ ಮೇಲೆ ಗೀಟೆಳೆಯಲು ನಮಗೆ ಹಕ್ಕು ಕೊಟ್ಟವರು ಯಾರು?

ಕ್ಷಮಿಸುವವರು ನ್ಯಾಯವನ್ನು ಬಿಡಬೇಕೆಂಬುದು ಎಂಥ ಸುಳ್ಳೆಂದು ತಿಳಿಯಲು ಒರಿಸ್ಸದ ಗ್ಲಾಡಿಸ್ ಸ್ಟೇನ್ಸ್ ಅವರ ಕಡೆ ನೋಡಬೇಕು. ಅವರ ಪತಿ ಗ್ರಹಾಂ ಸ್ಟೇನ್ಸ್ ಆಸ್ಟ್ರೇಲಿಯದಿಂದ ಬಂದು ೧೯೬೫ರಿಂದ ಬಾರಿಪದದಲ್ಲಿ ಕುಷ್ಠರೋಗಿಗಳ ಸೇವೆಯಲ್ಲಿದ್ದವರು. ೧೯೯೯ರ ಜನವರಿ ೨೨ರ ರಾತ್ರಿ ಮನೋಹರಪುರವೆಂಬ ಹಳ್ಳಿಯಲ್ಲಿ ತಮ್ಮ ವಾಹನದೊಳಗೆ ಮಲಗಿದ್ದ ಅವರನ್ನೂ, ಹತ್ತು ಮತ್ತು ಆರು ವರ್ಷದ ಇಬ್ಬರು ಗಂಡುಮಕ್ಕಳನ್ನೂ ಗುಂಪೊಂದು ಜೀವಂತ ಸುಟ್ಟಿತು. ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದ್ದೇನೆಂದು ಲೋಕದೆದುರು ಹೇಳಿದರು. ಮಗಳೊಡನೆ ಅಲ್ಲಿಯೇ ನಿಂತು ಕುಷ್ಠರೋಗಿಗಳ ಆರೈಕೆಯನ್ನು ಮುಂದುವರಿಸಿದರು. ೨೦೦೫ರಲ್ಲಿ ದೇಶ ಅವರಿಗೆ ಪದ್ಮಶ್ರೀ ಕೊಟ್ಟಿತು.

ಇಷ್ಟು ಕಥೆಯನ್ನು ಎಲ್ಲರೂ ಹೇಳುತ್ತಾರೆ. ಉಳಿದರ್ಧವೂ ಇದೆ. ಕೊಲೆಯ ಮೊಕದ್ದಮೆ ಆಕೆಯ ಕ್ಷಮೆಯಿಂದ ನಿಲ್ಲಲಿಲ್ಲ. ಆಕೆಯೂ ಅದನ್ನು ನಿಲ್ಲಿಸಿರೆಂದು ಕೇಳಲಿಲ್ಲ. ಕ್ಷಮೆ ಬೇರೆ, ಅಪರಾಧದ ಫಲ ಬೇರೆ ಎಂಬುದೇ ಆಕೆಯ ನಿಲುವಾಗಿತ್ತು. ೨೦೦೩ರಲ್ಲಿ ಕೆಳಗಿನ ಕೋರ್ಟು ಮುಖ್ಯ ಆರೋಪಿ ದಾರಾ ಸಿಂಗನಿಗೆ ಮರಣದಂಡನೆ ವಿಧಿಸಿತು. ೨೦೦೫ರಲ್ಲಿ ಹೈಕೋರ್ಟು ಅದನ್ನು ಜೀವಾವಧಿ ಶಿಕ್ಷೆಗೆ ಇಳಿಸಿತು. ೨೦೧೧ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಜೀವಾವಧಿಯನ್ನು ಎತ್ತಿಹಿಡಿಯಿತು. ಆ ತೀರ್ಪಿನಲ್ಲಿ ಮತಾಂತರವನ್ನು ಕುರಿತು ಬಂದಿದ್ದ ಕೆಲವು ಮಾತುಗಳಿಗೆ ದೇಶದಲ್ಲಿ ವಿರೋಧವೆದ್ದಾಗ ನಾಲ್ಕೇ ದಿನಗಳಲ್ಲಿ ಕೋರ್ಟು ಅವನ್ನು ತಾನೇ ತೆಗೆದುಹಾಕಿತು. ವಿರೋಧಿಸಿದವರೆಲ್ಲ "ವಿಧವೆಯೇ ಕ್ಷಮಿಸಿದ ಮೇಲೆ ನಮಗೇನು?" ಎಂದು ಸುಮ್ಮನಿದ್ದಿದ್ದರೆ ಆ ಮಾತುಗಳು ತೀರ್ಪಿನಲ್ಲಿ ಶಾಶ್ವತವಾಗಿ ನಿಂತಿರುತ್ತಿದ್ದುವು.

ರೋಮಿನ ನಿದರ್ಶನವೂ ಇದೇ ಮಾತನ್ನು ಹೇಳುತ್ತದೆ. ೧೯೮೧ರ ಮೇ ೧೩ರಂದು ಎರಡನೆಯ ಜಾನ್ ಪೌಲ್ ಅವರ ಮೇಲೆ ಅಲಿ ಅಗ್ಜಾ ಎಂಬವನು ಗುಂಡು ಹಾರಿಸಿದ. ನಾಲ್ಕು ದಿನಗಳಲ್ಲಿ ಪೋಪರು ಆಸ್ಪತ್ರೆಯ ಹಾಸಿಗೆಯಿಂದಲೇ ಅವನನ್ನು ಕ್ಷಮಿಸಿರುವುದಾಗಿ ತಿಳಿಸಿದರು. ೧೯೮೩ರ ಡಿಸೆಂಬರಿನಲ್ಲಿ ಸೆರೆಮನೆಗೇ ಹೋಗಿ ಅವನ ಪಕ್ಕದಲ್ಲಿ ಕೂತು ಮಾತಾಡಿದರು. ಮಾತು ಮುಗಿದ ಮೇಲೆ ಪೋಪರು ಹೊರಗೆ ಬಂದರು. ಅಗ್ಜಾ ಒಳಗೇ ಉಳಿದ. ಇಟಲಿಯ ರಾಷ್ಟ್ರಾಧ್ಯಕ್ಷರಿಂದ ಅವನಿಗೆ ಕ್ಷಮಾದಾನ ಸಿಕ್ಕಿದ್ದು ೨೦೦೦ದಲ್ಲಿ. ಪೋಪರ ಕ್ಷಮೆ ಅಪೂರ್ಣವಾಗಿತ್ತೆಂದು ಇದರಿಂದ ಯಾರೂ ತಿಳಿಯಲಿಲ್ಲ.

ಹಾಗಾದರೆ ಗೆರೆ ಎಲ್ಲಿ ಎಳೆಯಬೇಕು? ಕ್ಷಮೆಗೆ ಒಬ್ಬರು ಸಾಕು. ನೊಂದವನು ತನ್ನ ಎದೆಯಿಂದ ದ್ವೇಷದ ಮುಳ್ಳನ್ನು ಕಿತ್ತುಹಾಕುವ ಕೆಲಸ ಅದು. ರಾಜಿಗೆ ಇಬ್ಬರು ಬೇಕು. ತಪ್ಪು ಮಾಡಿದವನು ತಪ್ಪೆಂದು ಒಪ್ಪಿ, ಆದ ನಷ್ಟವನ್ನು ಕಟ್ಟಿಕೊಡದೆ ಅದು ಆಗದು. ಸುಂಕದ ಅಧಿಕಾರಿ ಜಕ್ಕಾಯ ಯೇಸುವಿನ ಮುಂದೆ ಬರಿಯ ಕಣ್ಣೀರು ಹಾಕಲಿಲ್ಲ, ಮೋಸದಿಂದ ಕಿತ್ತದ್ದನ್ನು ನಾಲ್ಕರಷ್ಟು ಹಿಂದಿರುಗಿಸುವೆನೆಂದ. ನ್ಯಾಯಕ್ಕೆ ಮೂರನೆಯವನು ಬೇಕು. ಅದು ಸಮಾಜದ, ಸರ್ಕಾರದ, ಕೋರ್ಟಿನ ಹೊಣೆ. ಈ ಮೂರನ್ನೂ ಕಲಸಿ ಒಂದೇ ಗುಳಿಗೆ ಮಾಡಿ ನೊಂದವನ ಬಾಯಿಗೆ ತುರುಕುವುದೇ ಎಲ್ಲ ಅನರ್ಥಕ್ಕೂ ಮೂಲ.

ಈ ವಾದಕ್ಕೆ ಎರಡು ಕಡೆಯಿಂದ ಆಕ್ಷೇಪ ಬರುವುದನ್ನು ಬಲ್ಲೆ. ಕ್ಷಮೆಯೆಂಬುದೇ ಹೇಡಿಗಳ ತತ್ತ್ವ, ಏಟಿಗೆ ಏಟೇ ಉತ್ತರ ಎನ್ನುವವರು ಒಂದು ಕಡೆ. ಅವರಿಗೆ ಹೇಳತಕ್ಕದ್ದು ಸ್ವಲ್ಪವೇ: ಗಂಡನನ್ನೂ ಮಕ್ಕಳನ್ನೂ ಸುಟ್ಟ ಸೀಮೆಯಲ್ಲಿ ಮತ್ತೆ ಐದು ವರ್ಷ ನಿಂತು ರೋಗಿಗಳ ಹುಣ್ಣು ತೊಳೆದವಳನ್ನು ಹೇಡಿಯೆಂದು ಕರೆಯುವ ಮೊದಲು ಅವರು ಅಂಥ ಸೀಮೆಯಲ್ಲಿ ಐದು ರಾತ್ರಿ ಒಂಟಿಯಾಗಿ ಕಳೆದು ನೋಡಲಿ. ಸೇಡಿಗೆ ಬೇಕಾದದ್ದು ಒಂದು ಗಳಿಗೆಯ ಕಾವು. ಕ್ಷಮೆಗೆ ದಿನದಿನದ ದುಡಿಮೆ ಬೇಕು.

ಇನ್ನೊಂದು ಕಡೆಯವರು ಸಜ್ಜನರು. "ಕೋರ್ಟು, ಕಚೇರಿ, ವಿಚಾರಣೆ ಎಂದು ಹಿಡಿದರೆ ಗಾಯ ಮಾಯುವುದೆಂತು? ಪ್ರೀತಿ ಎಲ್ಲಿ ಉಳಿಯಿತು?" ಎಂದು ಅವರು ಕೇಳುತ್ತಾರೆ. ಪ್ರಶ್ನೆ ಪ್ರಾಮಾಣಿಕವಾದದ್ದು. ಆದರೆ ಒಳಗೆ ಕೀವು ಇಟ್ಟುಕೊಂಡು ಮೇಲೆ ಕೂಡಿಕೊಂಡ ಗಾಯವನ್ನು ಯಾವ ವೈದ್ಯನೂ ಮಾಯ್ದಿದೆ ಎನ್ನುವುದಿಲ್ಲ. ಸತ್ಯವನ್ನು ಹೇಳಗೊಡದ ಪ್ರೀತಿ ಪೆಟ್ಟು ತಿಂದವನ ಮೇಲಿನ ಪ್ರೀತಿಯಲ್ಲ. ಶಾಂತವಾದ ಬೀದಿಯ ಮೇಲಿನ ಪ್ರೀತಿ. ಸಾಯಂಕಾಲದ ಕಾಫಿಗೆ ಭಂಗ ಬರಬಾರದೆಂಬ ಪ್ರೀತಿ. ನಮ್ಮ ಮಧ್ಯಮವರ್ಗದ ಮನೆಗಳಿಗೆ ಅದರ ಅಭ್ಯಾಸ ಹೆಚ್ಚು.

ಸಾಧುತನವನ್ನು ಬೋಧಿಸಲೇಬಾರದೆಂದು ನಾನು ಹೇಳುತ್ತಿಲ್ಲ. ಬೋಧನೆಯ ವಿಳಾಸವನ್ನು ಬದಲಾಯಿಸಬೇಕೆನ್ನುತ್ತೇನೆ. ಕೈಯಲ್ಲಿ ಕೋಲಿದ್ದವನಿಗೆ ಬೋಧಿಸಿ. ಮನೆಯಲ್ಲಿ ಗಂಡನಿಗೆ, ಸಭೆಯಲ್ಲಿ ಪಾದ್ರಿಗೆ, ಕಚೇರಿಯಲ್ಲಿ ಸಾಹೇಬನಿಗೆ, ಊರಿನಲ್ಲಿ ಸಂಖ್ಯೆ ಹೆಚ್ಚಿದ್ದವರಿಗೆ ಬೋಧಿಸಿ. ಲಗಾಮು ಬೇಕಾದ್ದು ಕಸುವಿರುವ ಕುದುರೆಗೆ.

ಮತ್ತಾಯನ ಆ ಅಧ್ಯಾಯದ ಕೊನೆಯಲ್ಲಿ ಬರುವ ದೃಷ್ಟಾಂತ ಈ ವಿಳಾಸವನ್ನೇ ತೋರಿಸುತ್ತದೆ. ಅರಸನಿಗೆ ಹತ್ತು ಸಾವಿರ ತಲಾಂತು ಕೊಡಬೇಕಾಗಿದ್ದ ಸೇವಕನೊಬ್ಬ ಇದ್ದ. ಒಂದು ತಲಾಂತೆಂದರೆ ಸುಮಾರು ಆರು ಸಾವಿರ ದಿನಗಳ ಕೂಲಿ; ಒಟ್ಟು ಸಾಲ ಆರು ಕೋಟಿ ದಿನಗಳ ಕೂಲಿಯಷ್ಟಾಯಿತು. ಅರಸ ಲೆಕ್ಕ ತೆಗೆಸಿ ನೋಡಿ, ಆಮೇಲೆ ಮನ್ನಾ ಮಾಡಿದ. ಹೊರಗೆ ಬಂದ ಸೇವಕ ತನಗೆ ನೂರು ದಿನಗಳ ಕೂಲಿಯಷ್ಟು ಕೊಡಬೇಕಾಗಿದ್ದ ಜೊತೆಯಾಳಿನ ಕುತ್ತಿಗೆ ಹಿಡಿದು ಅವನನ್ನು ಸೆರೆಗೆ ಹಾಕಿಸಿದ. ಪ್ರಸಂಗಗಳಲ್ಲಿ ಅರಸನ ದಯೆ ಬರುತ್ತದೆ, ಸೇವಕನ ನಿರ್ದಯೆ ಬರುತ್ತದೆ. ಕಥೆಯಲ್ಲಿ ಇನ್ನೂ ಕೆಲವರಿದ್ದಾರೆ. ಅವರನ್ನು ನಾವು ಮರೆಯುತ್ತೇವೆ. ಕುತ್ತಿಗೆ ಹಿಡಿದದ್ದನ್ನು ಕಣ್ಣಾರೆ ಕಂಡ ಉಳಿದ ಸೇವಕರು ಅವರು. ಸೆರೆಗೆ ಬಿದ್ದವನ ಬಳಿಗೆ ಹೋಗಿ ಅವರು "ದೊಡ್ಡ ಮನಸ್ಸು ಮಾಡಪ್ಪ" ಎನ್ನಲಿಲ್ಲ. ಬಹಳ ನೊಂದುಕೊಂಡು, ಅರಸನ ಹತ್ತಿರ ಹೋಗಿ ನಡೆದದ್ದನ್ನೆಲ್ಲ ಹೇಳಿದರು. ನ್ಯಾಯ ತಿರುಗಿದ್ದು ಅವರಿಂದ.

ನಾವು ಬಡಾವಣೆಗಳ ಸಭ್ಯ ಜನ ಈ ಕಥೆಯಲ್ಲಿ ಅರಸರೂ ಅಲ್ಲ, ಬಹುಮಟ್ಟಿಗೆ ಕುತ್ತಿಗೆ ಹಿಡಿದವರೂ ಅಲ್ಲ, ಕಂಡವರು. ಪಕ್ಕದ ಮನೆಯ ಹೆಣ್ಣಿನ ಕೂಗು ಗೋಡೆಯಾಚೆಯಿಂದ ನಮಗೆ ಕೇಳಿಸಿರುತ್ತದೆ. ಪ್ರಾರ್ಥನೆಯ ಮನೆಯ ಕಿಟಕಿಗೆ ಕಲ್ಲು ಬಿದ್ದದ್ದನ್ನು ನಮ್ಮ ಮಹಡಿಯಿಂದ ನೋಡಿರುತ್ತೇವೆ. ಪೋಲೀಸರು ಬಂದು ಕೇಳಿದಾಗ "ನಾವು ಊರಲ್ಲಿರಲಿಲ್ಲ" ಎನ್ನುತ್ತೇವೆ. ಮರುದಿನ ಹೋಗಿ ನೊಂದವರಿಗೆ ಕ್ಷಮೆಯ ಮಹಿಮೆಯನ್ನು ಹೇಳುತ್ತೇವೆ. ಕ್ಷಮಿಸುವುದೋ ಬಿಡುವುದೋ ಅವರ ಪಾಲಿಗೆ ಸೇರಿದ್ದು; ಅದರಲ್ಲಿ ಕೈಹಾಕಲು ನಮಗೆ ಹಕ್ಕಿಲ್ಲ. ನಮ್ಮ ಪಾಲಿಗೆ ಸೇರಿದ್ದು ಸಾಕ್ಷಿ. ಮೊದಲು ಠಾಣೆಗೆ ಹೋಗಿ, ಕಂಡದ್ದನ್ನು ಕಂಡಂತೆ ಹೇಳಿ, ರುಜು ಹಾಕಿ ಬರೋಣ.